ಯಲಬುರ್ಗಾದ ಎರೆ ಹೊಲದಲ್ಲಿ ಒಂದು ರಾತ್ರಿ: ಪುಟ್ಟ ಟೆಲಿಸ್ಕೋಪ್, ದಕ್ಷಿಣದ ಆಕಾಶ

ಎಲ್ಲರಿಗೂ ನಮಸ್ಕಾರ. ಇವತ್ತು ಯುಗಾದಿ ಅಮಾವಾಸ್ಯೆ. ಯಲಬುರ್ಗಾ ಹತ್ತಿರ ನಮ್ಮ ಮಾವನ ಹೊಲದಲ್ಲಿದ್ದೇನೆ. ಕಡಲೆ ಕಿತ್ತು ಆಗಿದೆ, ಹೊಲ ಖಾಲಿ. ನೆಲ ನೋಡಿ, ಬೆರಳು ಇಳಿಯುವಷ್ಟು ಬಿರುಕು. ಎರೆ ಮಣ್ಣು ಬೇಸಿಗೆಯಲ್ಲಿ ಹೀಗೇ. ಅದಕ್ಕೇ ಟ್ರೈಪಾಡಿನ ಒಂದೊಂದು ಕಾಲಿನ ಕೆಳಗೂ ಶಹಾಬಾದ್ ಕಲ್ಲಿನ ತುಂಡು ಇಟ್ಟಿದ್ದೇನೆ. ಕಲ್ಲು ಇಲ್ಲದಿದ್ದರೆ ಒಂದು ಕಾಲು ಕೂದಲೆಳೆಯಷ್ಟು ಇಳಿದರೂ ಸಾಕು, ಚುಕ್ಕಿಗಳೆಲ್ಲ ಗೆರೆಯಾಗಿ ಬರುತ್ತವೆ.

ಅಮಾವಾಸ್ಯೆ ರಾತ್ರಿ ಹೊಲಕ್ಕೆ ಯಾಕೆ ಹೋಗಬೇಕು ಅಂತ ಅತ್ತೆ ಕೇಳಿದರು. ಇದೇ ರಾತ್ರಿ ಬೇಕು ಅಂದೆ. ಯುಗಾದಿ ಬರುವುದು ಪಾಡ್ಯಕ್ಕೆ. ಹಾಗಾಗಿ ಹಬ್ಬದ ಹಿಂದಿನ ರಾತ್ರಿ ಚಂದ್ರನ ಕಾಟ ಇರುವುದಿಲ್ಲ. ಪ್ರತಿ ವರ್ಷ ಇದು ಗ್ಯಾರಂಟಿ.

ಜೋಡಿಸುವುದನ್ನು ನೀವೇ ನೋಡುತ್ತಿದ್ದೀರಿ. 51 ಮಿಲಿಮೀಟರ್ ಅಗಲದ ಲೆನ್ಸ್, 250 ಮಿಲಿಮೀಟರ್ ಫೋಕಲ್ ಲೆಂಗ್ತ್. ಇಷ್ಟು ಚಿಕ್ಕದರಲ್ಲಿ ಏನು ಕಾಣುತ್ತದೆ ಅಂತ ಕೇಳುವವರು ಜಾಸ್ತಿ. ಅಗಲ ಕಾಣುತ್ತದೆ! ಎಪಿಎಸ್-ಸಿ ಅನ್ನುವ ಮಧ್ಯಮ ಅಳತೆಯ ಸೆನ್ಸರ್ ಇರುವ ಕ್ಯಾಮೆರಾ ಹಾಕಿದರೆ ಫ್ರೇಮಿನ ಉದ್ದ ಬದಿಗೆ ಐದು ಡಿಗ್ರಿ ದಾಟುತ್ತದೆ. ಹತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಡಬಹುದು. ಆಳುದ್ದದ ಟೆಲಿಸ್ಕೋಪಿಗೆ ಈ ಕೆಲಸ ಆಗುವುದಿಲ್ಲ. ಹೊಸಬರು ದೊಡ್ಡದನ್ನು ಕೊಳ್ಳಲೇಬೇಡಿ.

ಈಗ ಈ ಪೈಪ್. ಟ್ರೈಪಾಡಿಗೂ ಟ್ರ್ಯಾಕರಿಗೂ ನಡುವೆ ಕಪ್ಪಗೆ ಕಾಣುತ್ತಿದೆಯಲ್ಲ, ಅದು. ಇದರ ಬಗ್ಗೆ ಹೇಳಲೇಬೇಕು.

ಭೂಮಿ ತಿರುಗುವುದರಿಂದ ಆಕಾಶ ಸರಿಯುತ್ತದೆ, ಅದರ ಜೊತೆ ಕ್ಯಾಮೆರಾ ತಿರುಗಿಸಲು ಟ್ರ್ಯಾಕರ್ ಬೇಕು. ಟ್ರ್ಯಾಕರಿನ ಅಚ್ಚು ಧ್ರುವ ನಕ್ಷತ್ರದ ಕಡೆ ಇರಬೇಕು. ನಮ್ಮಲ್ಲಿ ಆ ನಕ್ಷತ್ರ ಎಷ್ಟು ಎತ್ತರದಲ್ಲಿದೆ ಗೊತ್ತಾ? ದಿಗಂತದಿಂದ 15 ಡಿಗ್ರಿ ಚಿಲ್ಲರೆ, ಅಷ್ಟೇ. ಲಂಡನ್ನಿನಲ್ಲಿ 51. ಅಲ್ಲಿ ಅಚ್ಚು ಮೇಲೆ ನೋಡುತ್ತದೆ, ಕ್ಯಾಮೆರಾದ ಭಾರಕ್ಕೆ ಸಮತೂಕ ಕೊಡುವ ರಾಡು ಟ್ರೈಪಾಡಿನಿಂದ ದೂರ ಚಾಚಿಕೊಳ್ಳುತ್ತದೆ. ನಮ್ಮಲ್ಲಿ ಅಚ್ಚು ಹೆಚ್ಚುಕಡಿಮೆ ಮಲಗಿಬಿಡುತ್ತದೆ. ರಾಡು ನೆಟ್ಟಗೆ ಕೆಳಗೆ ನೇತಾಡುತ್ತದೆ. ತಿರುಗಿಸಿದಾಗಲೆಲ್ಲ ಟಕ್ ಅಂತ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಬಡಿದು ಸಿಕ್ಕಿಕೊಂಡರೂ ಮೋಟರು ತಳ್ಳುತ್ತಲೇ ಇರುತ್ತದೆ. ಗೇರು ಏನಾಗಬೇಕು? ಇಂಥ ಸಾಮಾನು ಮಾಡುವವರು ಕರ್ಕಾಟಕ ವೃತ್ತದಿಂದ ಕೆಳಗೂ ಜನ ಇದ್ದಾರೆ ಅಂತ ನೆನಪಿಟ್ಟುಕೊಳ್ಳಬೇಕು. ನನಗೆ ಇದು ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಪರಿಹಾರ ಅಂದರೆ ಟ್ರ್ಯಾಕರನ್ನು ಒಂದು ಗೇಣು ಎತ್ತರಿಸುವ ಪೈಪ್. ಆನ್‌ಲೈನಿನಲ್ಲಿ ಎಂಟು ಸಾವಿರ ಚಿಲ್ಲರೆ ಕೇಳಿದರು. ಒಂದು ಪೈಪಿಗೆ! ಕೊಪ್ಪಳದ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಕಾಕಾ ಟ್ರ್ಯಾಕ್ಟರ್ ಶಾಫ್ಟು ತಿರುವುವವರು. ಕೈಯಲ್ಲಿ ಹಿಡಿದು ನೋಡಿ, "ಏನ್ ತಮ್ಮಾ ಇದು, ಪಂಪಿನ ಪಾರ್ಟ್ ಏನು?" ಅಂದರು. ಆಕಾಶದ ಫೋಟೋ ತೆಗೆಯುವುದಕ್ಕೆ ಅಂದೆ. "ಅದೆಲ್ಲಾ ಇರ್ಲಿ, ಎಷ್ಟು ಭಾರ ಹೊರಬೇಕು ಹೇಳು" ಅಂದರು. ಐದು ಕೆಜಿ. ಮೇಲೆ ಕೆಳಗೆ ಎರಡೂ ಕಡೆ ಮೂರು ಸೂತಿನ ಬೋಲ್ಟು, ಟ್ರೈಪಾಡಿಗೆ ಬೇಕಾದ್ದು ಅದೇ. ಸಂಜೆಯೊಳಗೆ ಕೊಟ್ಟರು. ಸಾವಿರದ ನಾಲ್ಕುನೂರು ರೂಪಾಯಿ. ಬೋಲ್ಟು ಕೂಡಿಸುವಾಗ ಒಂದು ಚೂರೂ ಅಲುಗಾಡಲಿಲ್ಲ. ಇಂಪೋರ್ಟ್ ಸಾಮಾನಿಗಿಂತ ಇದೇ ಗಟ್ಟಿ ಅಂತ ಧೈರ್ಯವಾಗಿ ಹೇಳುತ್ತೇನೆ. ಒಂದು ವಿಷಯ, ಪೈಪ್ ಇದ್ದರೂ ಟ್ರೈಪಾಡಿನ ಒಂದು ಕಾಲು ಉತ್ತರಕ್ಕೆ ಬರದ ಹಾಗೆ ನೋಡಿಕೊಳ್ಳಿ. ಎರಡು ಕಾಲಿನ ನಡುವೆ ರಾಡು ಆಡಲಿ.

ಇದು ಕುಕನೂರಿನಿಂದ ಕಟ್ಟಿಸಿಕೊಂಡು ಬಂದ ಮಂಡಕ್ಕಿ, ಮಿರ್ಚಿ. ಮಿರ್ಚಿ ಆರಿದರೂ ರುಚಿ ಕೆಟ್ಟಿಲ್ಲ. ಮಂಡಕ್ಕಿ ಒಗ್ಗರಣೆಗೆ ಪುಟಾಣಿ ಹಿಟ್ಟು ಬೀಳಲೇಬೇಕು, ದಾವಣಗೆರೆಯವರು ಏನೇ ಹೇಳಲಿ... ಅಯ್ಯೋ, ಸೆಂಟಾರಸ್ ನಕ್ಷತ್ರಪುಂಜ ಎದ್ದಿತು, ಬನ್ನಿ.

ಇವತ್ತಿನ ಗುರಿ ಎರಡು, ಫ್ರೇಮ್ ಒಂದೇ. ಕೆಳಗೆ ಒಮೆಗಾ ಸೆಂಟಾರಿ, ಮೇಲೆ ಸೆಂಟಾರಸ್ ಎ. ನಡುವಿನ ದೂರ ನಾಲ್ಕೂವರೆ ಡಿಗ್ರಿ. ಎರಡೂ ಸರಿಯಾಗಿ ಉತ್ತರ-ದಕ್ಷಿಣ ಸಾಲಿನಲ್ಲಿವೆ, ಅದಕ್ಕೆ ಕ್ಯಾಮೆರಾದ ಉದ್ದ ಬದಿಯನ್ನು ಆ ಸಾಲಿಗೆ ತಿರುಗಿಸಿದ್ದೇನೆ. ಒಮೆಗಾ ಅಂದರೆ ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪು, ನಮ್ಮ ಆಕಾಶಗಂಗೆಗೇ ಸೇರಿದ್ದು, 17,000 ಜ್ಯೋತಿರ್ವರ್ಷದಷ್ಟು ದೂರ. ಸೆಂಟಾರಸ್ ಎ ಬೇರೆಯೇ ಗೆಲಾಕ್ಸಿ, ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ. ಎರಡನ್ನೂ ಒಂದೇ ಪಟದಲ್ಲಿ ಹಿಡಿಯುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಧ್ರುವ ನಕ್ಷತ್ರ ಕೆಳಗಿದೆ ಅಂತ ಆಗಲೇ ಬೈದೆನಲ್ಲ, ಅದರ ಲಾಭ ಈಗ ನೋಡಿ. ಉತ್ತರದಲ್ಲಿ ಅದು ಕೆಳಗಿದ್ದಷ್ಟೂ ದಕ್ಷಿಣದ ಆಕಾಶ ಮೇಲೆ ಬರುತ್ತದೆ. ರಾತ್ರಿ ಒಂದೂವರೆ ಹೊತ್ತಿಗೆ ಒಮೆಗಾ ನಮ್ಮ ದಕ್ಷಿಣಕ್ಕೆ 27 ಡಿಗ್ರಿ ಏರುತ್ತದೆ. ಬರಿಗಣ್ಣಿಗೇ ಮಸುಕು ಚುಕ್ಕಿಯಾಗಿ ಕಾಣುತ್ತಿದೆ. ಲಂಡನ್ನಿನಲ್ಲಿ ಅದು ಏಳುವುದೇ ಇಲ್ಲ. 1677ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಹ್ಯಾಲಿ ಇದನ್ನು ಬರೀ ನಕ್ಷತ್ರವಲ್ಲ ಅಂತ ಗುರುತಿಸಿದ್ದು ಸೇಂಟ್ ಹೆಲೆನಾ ದ್ವೀಪದವರೆಗೆ ಹಡಗಿನಲ್ಲಿ ಹೋಗಿ. ನಾವು ಯಲಬುರ್ಗಾ ಹೊಲಕ್ಕೆ ಬಂದರೆ ಸಾಕು. ರಾಡು ಬಡಿದರೆ ಬಡಿಯಲಿ, ನಾನು ಈ 15 ಡಿಗ್ರಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಅಲ್ಲಿ ಕೆಂಪಗೆ ಮಿನುಗುತ್ತಿರುವುದು ಗಾಳಿಯಂತ್ರಗಳ ದೀಪ. ಎಲ್ಲ ಒಟ್ಟಿಗೆ ಹತ್ತಿ ಆರುವಾಗ ಕಿರಿಕಿರಿ ಆಗುತ್ತದೆ. ಆದರೂ ಊರ ಮುಂದಿನ ಬಿಳಿ ಹೈಮಾಸ್ಟ್ ದೀಪಕ್ಕಿಂತ ಇವೇ ಎಷ್ಟೋ ವಾಸಿ. ಕೆಂಪು ಬೆಳಕಿಗೆ ಕಣ್ಣಿನ ಕತ್ತಲ ಅಭ್ಯಾಸ ಅಷ್ಟು ಬೇಗ ಕೆಡುವುದಿಲ್ಲ. ಆಗ್ನೇಯಕ್ಕೆ ಕಾಣುವ ಹಳದಿ ಮಂಕು ಕೊಪ್ಪಳ, ಗಿಣಿಗೇರಾ ಕಡೆಯದು. ಅದು ಕೆಳಗೇ ಉಳಿದಿದೆ, ಗುರಿಗೆ ತೊಂದರೆ ಇಲ್ಲ.

ಒಂದೊಂದು ಫೋಟೋ 60 ಸೆಕೆಂಡ್, ಐಎಸ್ಓ 800. ಗಾಳಿ ಜೋರಾದಾಗ ತೆಗೆದವನ್ನು ಆಮೇಲೆ ತೆಗೆದುಹಾಕುತ್ತೇನೆ. ಉಳಿದವನ್ನು ಸಿರಿಲ್‌ನಲ್ಲಿ ಒಂದರ ಮೇಲೊಂದು ಸೇರಿಸಿ ಒಂದೇ ಪಟ ಮಾಡುತ್ತೇನೆ. ಪುಕ್ಕಟೆ ಸಾಫ್ಟ್‌ವೇರ್ ಅದು, ಹಣ ಕೊಟ್ಟು ಬೇರೆ ಕೊಳ್ಳಬೇಕಿಲ್ಲ. ಮಾರ್ಚ್ ರಾತ್ರಿಯೂ ನಮ್ಮಲ್ಲಿ ಬೆಚ್ಚಗಿರುವುದರಿಂದ ಸೆನ್ಸರ್ ಬಿಸಿಯಾಗಿ ಚುಕ್ಕೆ ಚುಕ್ಕೆ ಗದ್ದಲ ತುಂಬುತ್ತದೆ. ಆ ಗದ್ದಲ ಕಳೆಯಲು ಲೆನ್ಸ್ ಮುಚ್ಚಿ ತೆಗೆಯುವ ಫೋಟೋ, ಅಂದರೆ ಡಾರ್ಕ್ ಫ್ರೇಮ್, ತಪ್ಪಿಸಲೇಬೇಡಿ. ಮನೆಗೆ ಹೋಗಿ ಫ್ಯಾನಿನ ಕೆಳಗೆ ತೆಗೆದರೆ ಬರುವುದಿಲ್ಲ, ಇಲ್ಲಿನ ಬಿಸಿಯಲ್ಲೇ, ಈಗಲೇ ತೆಗೆಯಬೇಕು.

ಬಂತು, ಇದು ಸೇರಿಸಿದ ಪಟ. ಒಮೆಗಾದ ಅಂಚಿನ ನಕ್ಷತ್ರಗಳು ಬಿಡಿಬಿಡಿಯಾಗಿ ಬಂದಿವೆ. ಮೇಲೆ ಸೆಂಟಾರಸ್ ಎ ನಡುವಿನ ಕಪ್ಪು ಪಟ್ಟಿ, ಅದು ಧೂಳು. 51 ಮಿಲಿಮೀಟರಿನಲ್ಲಿ ಆ ಪಟ್ಟಿ ಸಿಕ್ಕಿದೆ ನೋಡಿ! ಬಣ್ಣ ಎಳೆದು ಎಳೆದು ಎಲ್ಲವನ್ನೂ ನೀಲಿ ಮಾಡುವವರಿದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ಒಮೆಗಾದ ನಕ್ಷತ್ರಗಳಲ್ಲಿ ಹೆಚ್ಚಿನವು ಹಳೆಯವು, ಹಳದಿ ಇರುವ ಹಾಗೇ ಬಿಟ್ಟಿದ್ದೇನೆ. ಪೈಪಿನ ಅಳತೆ ಸ್ಕ್ರೀನ್ ಮೇಲೆ ಹಾಕಿದ್ದೇನೆ, ನಿಮ್ಮೂರಿನ ಲೇತ್ ಅಂಗಡಿಗೆ ಒಯ್ದು ತೋರಿಸಿ.