ಮನೆಯೊಳಗೊಂದು ಪುಟ್ಟ ಟವರ್

ಕೇಳುಗರಿಗೆ ನಮಸ್ಕಾರ.

ಫೋನ್ ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡುವವರು, ಮಾತಾಡಲು ತಾರಸಿ ಹತ್ತುವವರು ನಿಮ್ಮಲ್ಲಿ ಬಹಳ ಜನ ಇರಬೇಕು. ಇವತ್ತಿನ ಮಾತು ನಿಮಗಾಗಿಯೇ. ಈ ತೊಂದರೆಗೆಂದೇ ಹುಟ್ಟಿದ ಒಂದು ಡಬ್ಬಿ ಇದೆ, ಹೆಸರು ಫೆಮ್ಟೋಸೆಲ್. ಹೆಸರು ಮರೆತರೂ ಪರವಾಗಿಲ್ಲ. ಒಂದು ಮಾತ್ರ ನೆನಪಿಡಿ: ಅದು ಹೊರಗಿನ ಸಿಗ್ನಲ್ ಎಳೆದು ತರುವುದಿಲ್ಲ. ಅದೇ ಒಂದು ಟವರ್. ನಿಮ್ಮ ಮಾತನ್ನು ಮನೆಯ ಇಂಟರ್ನೆಟ್ ವೈರಿನಲ್ಲಿ ಕಳಿಸುತ್ತದೆ.

ಅಲ್ಕಟೆಲ್-ಲೂಸೆಂಟ್ ಅಂತ ಒಂದು ದೊಡ್ಡ ಕಂಪನಿ ಇತ್ತು, 2016ರಲ್ಲಿ ನೋಕಿಯಾ ಅದನ್ನು ಕೊಂಡಿತು. ಫೋನ್ ಕಂಪನಿಗಳಿಗೆ ಎಕ್ಸ್‌ಚೇಂಜು, ಟವರಿನ ಉಪಕರಣ ಮಾಡಿಕೊಡುವುದು ಅದರ ಕಸುಬು. ಅಂಥವರು ಮನೆಯ ಮೇಜಿನ ಮೇಲಿಡುವ ಡಬ್ಬಿಗೆ ಕೈ ಹಾಕಿದರು. 2009ರಲ್ಲಿ ಬ್ರಿಟನ್ನಿನ ವೊಡಾಫೋನ್ ಮನೆಗಳಿಗೆ ಫೆಮ್ಟೋಸೆಲ್ ಮಾರಲು ಹೊರಟಾಗ ಅದರ ಹಿಂದೆ ಇದ್ದದ್ದು ಇವರೇ. ಅದಕ್ಕೂ ಮೊದಲೇ ಅಮೆರಿಕದ ಸ್ಪ್ರಿಂಟ್ ಕಂಪನಿಗೆ ಸ್ಯಾಮ್‌ಸಂಗ್ ಇಂಥದ್ದೇ ಮಾಡಿಕೊಟ್ಟಿತ್ತು. ಮನೆಗೆ ಇಂಥ ಡಬ್ಬಿ ಬೇಕಾದ ಕಾರಣ ಸುಲಭ. ಬ್ರಿಟನ್ನಿನ 3ಜಿ ಹೆಚ್ಚಾಗಿ 2100 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಆ ಅಲೆ ದಪ್ಪ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಜನ ಮಾತಾಡುವುದೋ, ಮನೆಯೊಳಗೇ ಜಾಸ್ತಿ.

ನಾನು ಇದನ್ನು ಮೊದಲು ನೋಡಿದ್ದು ಮಗಳ ಮನೆಯಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರಿನ ಒಂದು ಹಳ್ಳಿಯಲ್ಲಿ. ಕಲ್ಲಿನ ಮನೆ, ಮೊಳದಷ್ಟು ದಪ್ಪ ಗೋಡೆ. ಮಹಡಿಯ ಬಚ್ಚಲಿನ ಕಿಟಕಿ ತೆರೆದರೆ ಒಂದು ಕಡ್ಡಿ ಸಿಗ್ನಲ್. ಡಿಸೆಂಬರ್ ಚಳಿಯಲ್ಲಿ ಕಿಟಕಿ ತೆರೆದು ಯಾರು ನಿಲ್ಲುತ್ತಾರೆ ಹೇಳಿ! ನನ್ನ ಅಕ್ಕ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಮಿಸ್ಡ್ ಕಾಲ್ ಕೊಡುತ್ತಿದ್ದಳು, ನಾನು ತಿರುಗಿ ಮಾಡಬೇಕು. ಅದು ನಮ್ಮ ಒಪ್ಪಂದ. ಸಿಗ್ನಲ್ ಇಲ್ಲದಿದ್ದರೆ ಮಿಸ್ಡ್ ಕಾಲ್ ಕೂಡ ಬರುವುದಿಲ್ಲ ಅಲ್ವಾ? ಹನ್ನೊಂದು ದಿನ ಹೀಗೇ ಕಳೆಯಿತು. ಕೊನೆಗೆ ಅಕ್ಕ ಅಳಿಯನ ಆಫೀಸಿಗೇ ಫೋನ್ ಮಾಡಿಸಿ ಕೇಳಿದ್ದು: "ನಮ್ಮ ತಮ್ಮ ಆರಾಮಿದಾನಾ?"

ಅಳಿಯನಿಗೆ ಅವಮಾನವಾಯಿತು. ಅದೇ ವಾರ ಡಬ್ಬಿ ತಂದ. ಬಿಳಿ ಪ್ಲಾಸ್ಟಿಕ್, ನಮ್ಮ ಪಂಚಾಂಗದಷ್ಟು ಅಗಲ. ಇಂಟರ್ನೆಟ್ ಮೋಡೆಮ್ಮಿಗೆ ಒಂದು ವೈರು, ಪ್ಲಗ್ಗಿಗೆ ಒಂದು ವೈರು, ಅಷ್ಟೇ. ಮನೆಯವರ ನಂಬರುಗಳನ್ನು ಮೊದಲೇ ನೋಂದಾಯಿಸಬೇಕು. ಇಲ್ಲದಿದ್ದರೆ ಪಕ್ಕದ ಮನೆಯವರೆಲ್ಲ ನಿಮ್ಮ ವೈರಿನಲ್ಲೇ ಮಾತಾಡಿಯಾರು. ದೀಪ ಇಡೀ ಸಂಜೆ ಮಿಟುಕುತ್ತಲೇ ಇತ್ತು. ನಾನು ಮತ್ತೆ ಮತ್ತೆ ಎದ್ದು ನೋಡಿದೆ. ರಾತ್ರಿ ಊಟದ ಹೊತ್ತಿಗೆ ಮಿಟುಕುವುದು ನಿಂತಿತು. ಫೋನಿನಲ್ಲಿ ಐದೂ ಕಡ್ಡಿ!

ಮರುದಿನ ಬೆಳಿಗ್ಗೆ ಚಪಾತಿ ಹಿಟ್ಟು ಕಲಸುತ್ತಿದ್ದೆ. ಅಡುಗೆಮನೆಯಲ್ಲೇ ಫೋನ್ ಬಡಿದುಕೊಂಡಿತು. ಎರಡು ರಿಂಗು, ಕಟ್. ಅಕ್ಕ! ಹಿಟ್ಟಿನ ಕೈಯಲ್ಲೇ ತಿರುಗಿ ಮಾಡಿದೆ. "ಬದುಕಿದ್ದೀಯಾ ಮಾರಾಯ?" ಅಂದಳು. ಆಮೇಲೆ ಅರ್ಧ ಗಂಟೆ ಅಡಿಕೆಯ ಕೊನೆಕೊಯ್ಲಿನ ಮಾತು. ಕೊನೆಗಾರ ಬಂದದ್ದು, ಸುಲಿಯುವವರು ಸಿಗದ್ದು, ಎಲ್ಲ. ಮಾತಾಡುತ್ತಾ ತೋಟಕ್ಕಿಳಿದೆ, ರಸ್ತೆಯವರೆಗೂ ಹೋದೆ, ಕರೆ ತುಂಡಾಗಲಿಲ್ಲ. ಒಳಗಿದ್ದಾಗ ಡಬ್ಬಿ ಹಿಡಿದಿತ್ತು, ಹೊರಗೆ ಬಂದಾಗ ದೊಡ್ಡ ಟವರಿಗೆ ದಾಟಿಸಿತು. ಮೂವತ್ತು ವರ್ಷ ಈ ಫೋನಿನ ಕೆಲಸವನ್ನೇ ಮಾಡಿದವನು ನಾನು. ಆದರೂ ಆ ಬೆಳಿಗ್ಗೆ ರಸ್ತೆಯಲ್ಲಿ ನಿಂತು ಖುಷಿಪಟ್ಟೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಚುಟುಕಾಗಿ. ಮನೆಯೊಳಗೆ ಟವರ್ ಇಟ್ಟರೆ ಅಪಾಯ ಅಲ್ಲವೇ ಅಂತ ಕೇಳುತ್ತಾರೆ. ಇಂಥ ಡಬ್ಬಿಯ ಶಕ್ತಿ ಸಾಮಾನ್ಯವಾಗಿ ವೈಫೈ ಡಬ್ಬಿಯ ಮಟ್ಟದ್ದೇ. ಹೆದರಬೇಡಿ.

ಇನ್ನೊಂದು. ಅಂಗಡಿಯವರು ಬೂಸ್ಟರ್ ಅಂತ ಏನೋ ಮಾರುತ್ತಾರೆ. ಅದು ಇದಲ್ಲ! ಬೂಸ್ಟರ್ ಹೊರಗಿನ ಸಿಗ್ನಲ್ಲನ್ನು ಜೋರು ಮಾಡಿ ಕೂಗುತ್ತದೆ, ಸುತ್ತಮುತ್ತಲಿನವರ ಕರೆ ಕೆಡಿಸುತ್ತದೆ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಇಡುವುದು ಕಾನೂನಿಗೆ ವಿರುದ್ಧ. ಎಷ್ಟು ಸಲ ಹೇಳಿದರೂ ಜನ ಕೊಳ್ಳುತ್ತಾರೆ. ದಯವಿಟ್ಟು ಬೇಡ.

ಈಗ ಆ ಡಬ್ಬಿಯ ಕೆಲಸವನ್ನು ನಿಮ್ಮ ಫೋನೇ ಮಾಡುತ್ತದೆ. ಹೆಸರು ವೈಫೈ ಕಾಲಿಂಗ್. ನಮ್ಮಲ್ಲಿ ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು. ಅದೇ ತತ್ವ: ಗಾಳಿಯಲ್ಲಿ ದಾರಿ ಇಲ್ಲದಿದ್ದರೆ ಮಾತು ವೈರಿನಲ್ಲಿ ಹೋಗುತ್ತದೆ. ಮಲೆನಾಡಿನವರೇ, ಟವರ್ ದೂರ ಇದ್ದರೂ ಮನೆಗೆ ಫೈಬರ್ ಬಂದಿದೆಯಾ? ಹಾಗಾದರೆ ಇವತ್ತೇ ಫೋನಿನ ಸೆಟ್ಟಿಂಗ್ಸ್ ತೆರೆಯಿರಿ, ವೈಫೈ ಕಾಲಿಂಗ್ ಅಂತ ಹುಡುಕಿ, ಆನ್ ಮಾಡಿ. ಗೊತ್ತಾಗದಿದ್ದರೆ ಮನೆಯ ಮಕ್ಕಳನ್ನು ಕೇಳಿ. ಆಮೇಲೆ ಅಡುಗೆಮನೆಯಲ್ಲೇ ನಿಂತು ಯಾರಿಗಾದರೂ ಒಂದು ಫೋನ್ ಮಾಡಿ ನೋಡಿ.

ನಮಸ್ಕಾರ.