ಕಳ್ಳಮಾಲು

ನಮಸ್ಕಾರ ಕೇಳುಗರೇ.

ಯಾವುದಾದರೂ ವಸ್ತು ತೀರಾ ಅಗ್ಗಕ್ಕೆ ಸಿಕ್ಕಿತು ಅನ್ನಿ. 'ಇದು ಕಳ್ಳಮಾಲು ಅಲ್ವಾ?' ಎಂದು ತಕ್ಷಣ ಕೇಳುತ್ತೇವೆ. ಹಾಗೆಂದರೆ ಕದ್ದದ್ದು ಅಂತಲೇ ಆಗಬೇಕಿಲ್ಲ. ಸುಂಕ ಕಟ್ಟದೆ ತಂದದ್ದು, ಲೈಸೆನ್ಸ್ ಇಲ್ಲದೆ ಮಾಡಿದ್ದು, ಸರ್ಕಾರ ಕೂಡದು ಎಂದದ್ದು, ಎಲ್ಲವೂ ಕಳ್ಳಮಾಲೇ. ಕಾಡಿನಿಂದ ಅನುಮತಿ ಇಲ್ಲದೆ ಬಂದ ಮರ ಕಳ್ಳನಾಟಾ. ಹಾಗೆಯೇ ಕಳ್ಳಬೇಟೆ, ಕಳ್ಳಸಾಗಣೆ, ಕಳ್ಳನೋಟು.

ಆದರೆ ಈ ಕಳ್ಳತನ ವಸ್ತುವಿಗೆ ಅಂಟಿಕೊಂಡೇ ಹುಟ್ಟಿದ್ದಲ್ಲ. 1968ರ ಚಿನ್ನ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆಯಲ್ಲಿ ಒಡವೆ ಇಟ್ಟುಕೊಳ್ಳಬಹುದಿತ್ತು, ಚಿನ್ನದ ಗಟ್ಟಿ ಕೂಡದು. 1990ರಲ್ಲಿ ಕಾಯ್ದೆ ರದ್ದಾಯಿತು. ಚಿನ್ನ ಅದೇ ಚಿನ್ನ! ಶ್ರೀಗಂಧದ ಕಥೆ ಇನ್ನೂ ನೋವಿನದು. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದರೂ ಮರ ಸರ್ಕಾರದ್ದೇ ಆಗಿತ್ತು. ತನ್ನ ನೆಲದ ಮರವನ್ನು ತಾನೇ ಕಡಿದರೆ ಅವನು ಗಂಧದ ಕಳ್ಳ. ಹಾಗಿದ್ದ ಮೇಲೆ ಯಾರು ತಾನೆ ಗಂಧ ಬೆಳೆಸುತ್ತಾರೆ? 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ ಬೆಳೆದವನನ್ನೇ ಒಡೆಯನನ್ನಾಗಿ ಮಾಡಿತು. ಕಡಿಯಲು, ಸಾಗಿಸಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಇವತ್ತಿಗೂ ಬೇಕು.

ಕಳ್ಳಬಟ್ಟಿಯ ಮಾತೇ ಬೇರೆ. ಬಟ್ಟಿ ಅಂದರೆ ಒಲೆ. ಕದ್ದುಮುಚ್ಚಿ ಹೂಡಿದ ಒಲೆಯ ಹೆಸರೇ ಅಲ್ಲಿ ಇಳಿಸಿದ ಸಾರಾಯಿಗೂ ಬಂತು. ಜನ ಈ ಪದವನ್ನು ಸಲೀಸಾಗಿ, ನಗುತ್ತಾ ಆಡುತ್ತಾರೆ. ನನಗೆ ನಗು ಬರುವುದಿಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು 300ಕ್ಕೂ ಜಾಸ್ತಿ ಜನ ಸತ್ತರು. ಅದರಲ್ಲಿ ಮಿಥೈಲ್ ಆಲ್ಕೋಹಾಲ್ ಸೇರಿತ್ತು. ಅದು ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಬದುಕಿ ಉಳಿದರೂ ಕಣ್ಣು ಹೋಗಬಹುದು. ಇಲ್ಲಿ 'ಕಳ್ಳ' ಎನ್ನುವುದು ತೀರಾ ಹಗುರವಾಯಿತು. ವಿಷ ಎಂದೇ ಹೇಳಬೇಕು.

ಇನ್ನೊಂದು ಕಡೆ ಇದೇ ಪದ ಕ್ರೂರವಾಗುತ್ತದೆ. ಮದುವೆಯಾಗದ ಹುಡುಗಿ ಬಸುರಿಯಾದರೆ ಊರು ಅದನ್ನು ಕಳ್ಳಬಸಿರು ಅನ್ನುತ್ತದೆ. ಅಲ್ಲಿ ಕದ್ದದ್ದು ಏನು, ಯಾರಿಂದ? ಗಂಡಸಿನ ಹೆಸರು ಆ ಮಾತಿನೊಳಗೆ ಬರುವುದೇ ಇಲ್ಲ. ಹುಟ್ಟದ ಮಗುವನ್ನೂ ಕಳ್ಳಮಾಲಿನ ಸಾಲಿಗೆ ಸೇರಿಸುವ ಈ ಪದವನ್ನು ನಾನು ಬಳಸುವುದಿಲ್ಲ. ನನ್ನ ಮುಂದೆ ಯಾರಾದರೂ ಆಡಿದರೆ ತಡೆಯುತ್ತೇನೆ.

ನಮಸ್ಕಾರ.