ಕ್ರೂಸ್‌ನ ಫಾರ್ಮಲ್ ನೈಟ್: ಚಳಿ ಇರೋದು ಊಟದ ಹಾಲ್‌ನಲ್ಲಲ್ಲ, ಡೆಕ್ ಮೇಲೆ

ಹೊರಗೆ ಸೊನ್ನೆ ಡಿಗ್ರಿ, ಒಳಗೆ 22. ಅಲಾಸ್ಕಾ, ನಾರ್ವೆ, ಐಸ್‌ಲ್ಯಾಂಡ್ ಕಡೆ ಕ್ರೂಸ್ ಹೊರಟವರ ಫಾರ್ಮಲ್ ನೈಟ್ (ಊಟಕ್ಕೆ ಎಲ್ಲರೂ ಸೂಟು, ಗೌನು ಅಂತ ಸಿಂಗರಿಸಿಕೊಂಡು ಬರೋ ರಾತ್ರಿ) ತಲೆನೋವೆಲ್ಲ ಈ ಎರಡು ಅಂಕಿಗಳ ನಡುವೆಯೇ ಇದೆ. ಬಹಳ ಜನ ಮೊದಲನೇ ಅಂಕಿ ನೋಡಿ ಬಟ್ಟೆ ಕಟ್ಟುತ್ತಾರೆ: ದಪ್ಪ ಟ್ವೀಡ್ ಸೂಟು, ಅದರೊಳಗೊಂದು ಸ್ವೆಟರು. ಸೂಪ್ ಟೇಬಲ್ಲಿಗೆ ಬರುವಷ್ಟರಲ್ಲಿ ಹಣೆ ಮೇಲೆ ಬೆವರು. ಇನ್ನು ಕೆಲವರು ಎರಡನೇ ಅಂಕಿಯನ್ನಷ್ಟೇ ನೋಡಿ ತೋಳಿಲ್ಲದ ಗೌನು, ಸೂಜಿ ಹೀಲ್ಸ್ ತರುತ್ತಾರೆ. ಊಟದ ಮಧ್ಯೆ ಸ್ಪೀಕರ್‌ನಲ್ಲಿ "ಹಡಗಿನ ಎಡಬದಿಗೆ ನಾರ್ದರ್ನ್ ಲೈಟ್ಸ್ ಕಾಣ್ತಿದೆ" ಅಂತ ಕೂಗಿದಾಗ, ಆಕಾಶದಲ್ಲಿ ಹರಿದಾಡೋ ಆ ಬಣ್ಣದ ಬೆಳಕು ನೋಡೋಕಾಗದೆ, ಪಾಪ, ಕೂತಲ್ಲೇ ಕೂರಬೇಕಾಗುತ್ತೆ.

ನನ್ನ ವಾದ ಏನು ಅಂದ್ರೆ, ಫಾರ್ಮಲ್ ಬಟ್ಟೆಗೆ ಚಳಿ ತಡೆಯೋ ಕೆಲಸ ಕೊಡಬೇಡಿ. ಅದು ಜಾಕೆಟ್ಟಿನ ಕೆಲಸ. ಈ ಬಟ್ಟೆಯ ಮೇಲೆ ಜಾಕೆಟ್ ಏರಿಸಿ, ಬೂಟು ತೊಟ್ಟು, ಐದು ನಿಮಿಷದಲ್ಲಿ ಡೆಕ್ ಮೇಲೆ ನಿಲ್ಲೋಕೆ ಆಗುತ್ತಾ? ಕೇಳಬೇಕಾದ್ದು ಇದನ್ನ. ಅಷ್ಟು ದೂರ, ಅಷ್ಟು ದುಡ್ಡು ಖರ್ಚು ಮಾಡಿ ಹೋಗೋದು ಟೇಬಲ್ ಮೇಲಿನ ಮೇಣದಬತ್ತಿ ನೋಡೋಕಲ್ಲ ತಾನೆ?

ಅದಕ್ಕೂ ಮೊದಲು, ನಿಮ್ಮ ಹಡಗಲ್ಲಿ ಫಾರ್ಮಲ್ ನೈಟ್ ನಿಜಕ್ಕೂ ಇದೆಯಾ ನೋಡಿಕೊಳ್ಳಿ. ಒಂದೊಂದು ಕಂಪನಿ ಒಂದೊಂದು ಹೆಸರಲ್ಲಿ ಕರೆಯುತ್ತೆ. ಕ್ಯೂನಾರ್ಡ್‌ನಲ್ಲಿ ಗಾಲಾ ಈವನಿಂಗ್, ಸೆಲೆಬ್ರಿಟಿಯಲ್ಲಿ ಈವನಿಂಗ್ ಶೀಕ್, ಕಾರ್ನಿವಲ್‌ನಲ್ಲಿ ಕ್ರೂಸ್ ಎಲಿಗೆಂಟ್. ಇವುಗಳಲ್ಲಿ ಗಾಲಾ ಅನ್ನೋದೇ ಬಿಗಿ; ಗಂಡಸರಿಗೆ ಕೋಟು ಬೇಕೇ ಬೇಕು. ಉಳಿದೆಡೆ ಕಾಲರ್ ಶರ್ಟು, ನೀಟಾದ ಪ್ಯಾಂಟು ಇದ್ದರೂ ನಡೆಯುತ್ತೆ. ಹರ್ಟಿಗ್ರೂಟನ್‌ನ ನಾರ್ವೆ ಕರಾವಳಿ ಹಡಗುಗಳಲ್ಲಿ ಈ ಗೋಜೇ ಇಲ್ಲ, ಸ್ವೆಟರ್‌ನಲ್ಲೇ ಊಟಕ್ಕೆ ಬರುತ್ತಾರೆ. ಅಂಟಾರ್ಕ್ಟಿಕಾಗೆ ಹೋಗೋ ಸಣ್ಣ ಎಕ್ಸ್‌ಪೆಡಿಷನ್ ಹಡಗುಗಳದ್ದೂ ಹೆಚ್ಚುಕಮ್ಮಿ ಅದೇ ಕಥೆ. ನಿಯಮ ಆಗಾಗ ಬದಲಾಗುತ್ತೆ, ಹಾಗಾಗಿ ಹಳೇ ವಿಡಿಯೊಗಳನ್ನ ನಂಬದೆ ನಿಮ್ಮ ಬುಕಿಂಗ್ ಪುಟದಲ್ಲಿರೋದನ್ನ ಓದಿ. ನಿಮ್ಮ ನಾಡಿನ ಸಾಂಪ್ರದಾಯಿಕ ಉಡುಪನ್ನ ಫಾರ್ಮಲ್ ಅಂತಲೇ ಒಪ್ಪೋ ಕಂಪನಿಗಳೂ ಇವೆ.

ಇನ್ನು ಪ್ಯಾಕಿಂಗ್. ಫಾರ್ಮಲ್ ಬಟ್ಟೆಯನ್ನ ಕೊನೆಗೆ ಇಡಿ. ವಿಮಾನದಲ್ಲಿ ಸಾಮಾನ್ಯವಾಗಿ ಸಿಗೋದು 23 ಕಿಲೋ. ಬೂಟು, ಜಲನಿರೋಧಕ ಜಾಕೆಟ್ಟು, ಪ್ಯಾಂಟು, ಎರಡು ಜೊತೆ ಥರ್ಮಲ್ ಒಳಉಡುಪು, ಟೋಪಿ, ಕೈಗವಸು ಮೊದಲು ಒಳಗೆ ಹೋಗಲಿ. ಉಳಿದ ಜಾಗ ಎಷ್ಟೋ ಅಷ್ಟೇ ನಿಮ್ಮ ಫಾರ್ಮಲ್. ಏಳು ರಾತ್ರಿಯ ಪ್ರಯಾಣದಲ್ಲಿ ಇಂಥ ರಾತ್ರಿ ಒಂದೋ ಎರಡೋ ಇರುತ್ತೆ. ಎರಡಕ್ಕೂ ಬೇರೆ ಬೇರೆ ಸೂಟು ಯಾಕೆ? ಟೈ ಬದಲಿಸಿ, ಶಾಲು ಬದಲಿಸಿ. ಮೊನ್ನೆ ರಾತ್ರಿ ನೀವೇನು ಹಾಕಿದ್ರಿ ಅನ್ನೋದು ಪಕ್ಕದ ಟೇಬಲ್ಲಿನವರಿಗೆ ನೆನಪಿರಲ್ಲ, ಅವರಿಗೆ ಅವರ ಸೊಂಟದ ಗುಂಡಿಯದ್ದೇ ಚಿಂತೆ.

ಗಂಡಸರದ್ದು ಬೇಗ ಮುಗಿಯುತ್ತೆ. ಕಡುನೀಲಿ ಅಥವಾ ಕಡುಬೂದು ಬಣ್ಣದ, ಪೂರ್ತಿ ಉಣ್ಣೆಯ, ಮಧ್ಯಮ ತೂಕದ ಸೂಟು. ಮಧ್ಯಮ ಅಂದ್ರೆ ಚದರ ಮೀಟರಿಗೆ 250ರಿಂದ 280 ಗ್ರಾಂ. 350 ದಾಟಿದ ಫ್ಲಾನೆಲ್ ಒಳಗಡೆ ಬೇಯಿಸಿಬಿಡುತ್ತೆ. ಉಣ್ಣೆಯನ್ನೇ ಯಾಕೆ ಹೇಳ್ತೀನಿ ಅಂದ್ರೆ, ಅದರ ಎಳೆಗಳು ಹುಟ್ಟಾ ಸುರುಳಿ. ಒಂದು ರಾತ್ರಿ ನೇತುಹಾಕಿದರೆ ಸುಕ್ಕು ತಾನೇ ಬಿಡುತ್ತೆ. ಲಿನನ್, ಹತ್ತಿಗೆ ಆ ಗುಣ ಇಲ್ಲ. ಕೋಟನ್ನ ವಿಮಾನದಲ್ಲಿ ಹಾಕ್ಕೊಂಡೇ ಹೋಗಿ, ಸೂಟ್‌ಕೇಸಲ್ಲಿ ಅಷ್ಟು ಜಾಗ ಉಳೀತು. ಥರ್ಮಲ್ ಬೇಕೇ ಬೇಕು ಅನ್ನೋರು ಚದರ ಮೀಟರಿಗೆ 150 ಗ್ರಾಂನ ತೆಳು ಮೆರಿನೊ ಉಣ್ಣೆಯ ಬನಿಯನ್ ತಗೊಳ್ಳಿ, ಆದರೆ ಕೊರಳು ಆಳವಾಗಿರಲಿ. ಶರ್ಟಿನ ಸಂದಿಯಿಂದ ಬೂದು ಬನಿಯನ್ ಇಣುಕೋಕೆ ಶುರುವಾದರೆ ಬೋ ಟೈ ಕಟ್ಟಿದ ಶ್ರಮವೆಲ್ಲ ನೀರಲ್ಲಿ ಹೋಮ.

ಹೆಂಗಸರ ಬಟ್ಟೆಯಲ್ಲಿ ಯೋಚಿಸೋಕೆ ಜಾಸ್ತಿ ಇದೆ. ನನ್ನ ಮೊದಲ ಆಯ್ಕೆ ಉದ್ದ ತೋಳಿನ, ಪಾದದವರೆಗಿನ ಜೆರ್ಸಿ ಗೌನು. ಹೆಣೆದ ಬಟ್ಟೆಯಾದ್ದರಿಂದ ಸುರುಳಿ ಸುತ್ತಿಟ್ಟರೂ ಸುಕ್ಕಾಗಲ್ಲ, ಜಾಗ ತಿನ್ನಲ್ಲ. ಉದ್ದ ಲಂಗದ ಇನ್ನೊಂದು ಉಪಕಾರ, ಒಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ. ಮೆರಿನೊ ಲೆಗ್ಗಿಂಗ್ಸ್ ಹಾಕಿಕೊಂಡು ಊಟಕ್ಕೆ ಕೂರಬಹುದು. ಸೆಖೆ ಆದರೆ? ಅದಕ್ಕೇ ಲೆಗ್ಗಿಂಗ್ಸ್ ತೆಳುವಿರಬೇಕು, ಫ್ಲೀಸ್ ಅಂಟಿಸಿದ ದಪ್ಪದ್ದು ಬೇಡ. ಟೈಟ್ಸ್ ಹಾಕೋರು ಪೊಟ್ಟಣದ ಮೇಲಿನ ಡೆನಿಯರ್ ಅಂಕಿ ನೋಡಿ. 9,000 ಮೀಟರ್ ದಾರದ ತೂಕ ಎಷ್ಟು ಗ್ರಾಂ ಅನ್ನೋದೇ ಆ ಅಂಕಿ. 15–20 ಅಂದ್ರೆ ಪಾರದರ್ಶಕ, ಡೆಕ್ ಮೇಲೆ ಇದ್ದೂ ಇಲ್ಲದ ಹಾಗೆ. 60–80 ಆದರೆ ಒಳಗೂ ಸರಿ, ಹತ್ತು ನಿಮಿಷ ಹೊರಗೂ ಸರಿ.

ವೆಲ್ವೆಟ್ ಚೆನ್ನಾಗಿ ಕಾಣುತ್ತೆ, ಬೆಚ್ಚಗೂ ಇರುತ್ತೆ, ಆದರೆ ಸೂಟ್‌ಕೇಸ್‌ನಲ್ಲಿ ಅದುಮಿದರೆ ಅದರ ಮೇಲಿನ ಜುಂಗು ಮಲಗಿಬಿಡುತ್ತೆ, ಅಲ್ಲಲ್ಲಿ ಹೊಳೆಯೋ ಕಲೆ ಥರ ಕಾಣುತ್ತೆ. ಇಸ್ತ್ರಿ ಒತ್ತಿದರೆ ಇನ್ನೂ ಹಾಳು, ಹಬೆಯೇ ಮದ್ದು. ಮಿಣುಗು ಬಿಲ್ಲೆ ಹೊಲಿದ ಗೌನಂತೂ ಈ ಸೀಮೆಗೆ ಬೇಡ ಅಂತೀನಿ. ತೂಕ ಒಂದು, ಮೇಲೆ ಜಾಕೆಟ್ ಹಾಕಿದಾಗ ಬಿಲ್ಲೆಗಳು ಅದರ ಲೈನಿಂಗ್ ಕೀಳುತ್ತವೆ, ಲೈನಿಂಗ್ ಬಿಲ್ಲೆಗಳನ್ನ ಕೀಳುತ್ತೆ. ಅಂಚಿನ ಉದ್ದವನ್ನ ಅವತ್ತು ಹಾಕೋ ಚಪ್ಪಲಿ ತೊಟ್ಟೇ ಅಳೆಯಿರಿ, ನೆಲದಿಂದ ಎರಡು–ಮೂರು ಸೆಂಟಿಮೀಟರ್ ಮೇಲಿರಲಿ. ಹಡಗು ವಾಲುವಾಗ ಮೆಟ್ಟಿಲ ಮೇಲೆ ಲಂಗ ತುಳಿದುಕೊಂಡರೆ ಹಿಡಿಯೋಕೆ ಎರಡು ಕೈ ಸಾಲಲ್ಲ.

ಇನ್ನೊಂದು ಕಾಟ ಇದೆ, ಹೊರಡೋ ಮುಂಚೆ ಅದನ್ನ ಯಾರೂ ಹೇಳಲ್ಲ. ಲಂಗ ಕಾಲಿಗೆ ಅಂಟಿಕೊಳ್ಳೋದು. ತಣ್ಣನೆ ಗಾಳಿಯಲ್ಲಿ ತೇವಾಂಶ ಕಡಿಮೆ. ಅದೇ ಗಾಳಿಯನ್ನ ಒಳಗೆಳೆದು ಬಿಸಿ ಮಾಡಿದಾಗ ಅದು ಇನ್ನೂ ಒಣಗಿದಂತಾಗುತ್ತೆ. ಪಾಲಿಯೆಸ್ಟರ್ ಲೈನಿಂಗು, ನೈಲಾನ್ ಟೈಟ್ಸು ಉಜ್ಜಿಕೊಂಡು ಹುಟ್ಟಿದ ಸ್ಥಿರ ವಿದ್ಯುತ್ತಿಗೆ ಹರಿದುಹೋಗೋ ದಾರಿ ಇರಲ್ಲ, ಬಟ್ಟೆಯಲ್ಲೇ ಉಳಿಯುತ್ತೆ. ಒಳಲಂಗ ರೇಷ್ಮೆ ಅಥವಾ ವಿಸ್ಕೋಸ್ ಆಗಿದ್ದರೆ ಅರ್ಧ ತೊಂದರೆ ಅಲ್ಲೇ ತೀರುತ್ತೆ. ಕಾಲಿಗೆ ಮಾಯಿಶ್ಚರೈಸರ್ ಹಚ್ಚಿ. ಆಮೇಲೂ ಅಂಟಿದರೆ ಕಬ್ಬಿಣದ ತಂತಿಯ ಹ್ಯಾಂಗರನ್ನ ಲಂಗದ ಒಳಮೈ ಮೇಲೆ ಒಮ್ಮೆ ಸವರಿ. ಉಣ್ಣೆ ಟೋಪಿ ತೆಗೆದಾಗ ಕೂದಲು ಎದ್ದು ನಿಲ್ಲೋದೂ ಇದರಿಂದಲೇ. ಟೋಪಿಯೊಳಗೆ ರೇಷ್ಮೆ ಸ್ಕಾರ್ಫ್ ಕಟ್ಟಿಕೊಂಡರೆ ಕೂದಲೂ ಉಳಿಯುತ್ತೆ, ತಲೆಯೂ ಬೆಚ್ಚಗಿರುತ್ತೆ.

ಕೂದಲಿನ ವಿಷಯಕ್ಕೆ ಯಾಕೆ ಬಂದೆ ಅಂದ್ರೆ, ಫಾರ್ಮಲ್ ನೈಟನ್ನ ಹೆಚ್ಚಾಗಿ ಬಂದರಿಗೆ ನಿಲ್ಲದ ದಿನ ಇಡುತ್ತಾರೆ. ಅಲಾಸ್ಕಾದಲ್ಲಿ ಗ್ಲೇಸಿಯರ್ ಬೇ ಅಥವಾ ಹಬರ್ಡ್ ಹಿಮನದಿ ನೋಡೋ ದಿನವೂ ಅಂಥದ್ದೇ, ಹಡಗು ಕಟ್ಟೆಗೆ ಕಟ್ಟಲ್ಲ. ಹೀಗಾಗಿ ಎರಡೂ ಒಂದೇ ದಿನ ಬೀಳಬಹುದು. ಇಡೀ ದಿನ ಡೆಕ್ ಮೇಲೆ ಹಿಮಗಾಳಿ ತಿಂದು, ನೆನೆದು, ಮೂಗು ಕೆಂಪಾಗಿ ಬಂದು ಒಂದು ಗಂಟೆಯಲ್ಲಿ ಸಿದ್ಧ ಆಗಬೇಕು. ಆವತ್ತಿಗೆ ನಲವತ್ತು ಪಿನ್ನಿನ ತುರುಬು ಯೋಜಿಸಬೇಡಿ. ಬೆಳಗ್ಗೆ ಹೊರಡೋ ಮುಂಚೆಯೇ ಬಟ್ಟೆ ತೆಗೆದು ನೇತುಹಾಕಿ.

ಕ್ಯಾಬಿನ್ನಿಗೆ ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಅದನ್ನ ಬಿಡಲ್ಲ, ಕೈಸ್ಟೀಮರನ್ನೂ ಬಹಳ ಕಂಪನಿಗಳು ಬಿಡಲ್ಲ. ಹತ್ತುವಾಗಲೇ ತೆಗೆದಿಟ್ಟುಕೊಂಡು ಕೊನೇ ದಿನ ಕೊಡುತ್ತಾರೆ. ಬಚ್ಚಲಲ್ಲಿ ಬಟ್ಟೆ ನೇತುಹಾಕಿ, ಬಾಗಿಲು ಹಾಕಿ, ಬಿಸಿನೀರಿನ ಸ್ನಾನ ಮಾಡಿ. ಹದಿನೈದು ನಿಮಿಷದ ಹಬೆಗೆ ಉಣ್ಣೆ, ವೆಲ್ವೆಟ್, ಜೆರ್ಸಿ ಮೂರೂ ಬಗ್ಗುತ್ತವೆ. ಹತ್ತಿ ಶರ್ಟು ಮಾತ್ರ ಬಗ್ಗಲ್ಲ, ಅದನ್ನ ಲಾಂಡ್ರಿಗೆ ಕೊಡಿ, ಇಲ್ಲಾ ಇಸ್ತ್ರಿ ಬೇಡದ ಶರ್ಟನ್ನೇ ತನ್ನಿ.

ಚಪ್ಪಲಿ. ಐದು ಸೆಂಟಿಮೀಟರ್ ಒಳಗಿನ ಅಗಲ ಹಿಮ್ಮಡಿ ಸಾಕು. ಗಂಡಸರ ಚರ್ಮದ ಅಟ್ಟೆಯ ಶೂ ಒದ್ದೆ ಕಬ್ಬಿಣದ ಡೆಕ್ ಮೇಲೆ ಸೋಪಿನ ಥರ ಜಾರುತ್ತೆ, ರಬ್ಬರ್ ಅಟ್ಟೆಯ ಕಪ್ಪು ಶೂ ತಗೊಳ್ಳಿ. ಅದೇ ಊರು ಸುತ್ತೋಕೂ ಆಗುತ್ತೆ.

ಈಗ ಆ ಐದು ನಿಮಿಷಕ್ಕೆ ಬರೋಣ. ಊಟದ ಹಾಲ್‌ನಲ್ಲಿ ನಿಮ್ಮ ಜಾಕೆಟ್ ತೆಗೆದಿಟ್ಟುಕೊಳ್ಳೋ ಸಿಬ್ಬಂದಿ ಸಾಮಾನ್ಯವಾಗಿ ಇರಲ್ಲ. ನಿಮ್ಮ ಜಾಕೆಟ್ಟು ಐದಾರು ಅಂತಸ್ತು ಮೇಲೆ ಕ್ಯಾಬಿನ್ನಿನಲ್ಲಿರುತ್ತೆ, ಘೋಷಣೆ ಬಂದ ಕೂಡಲೇ ಲಿಫ್ಟಿನ ಮುಂದೆ ಜಾತ್ರೆ. ಅದಕ್ಕೆ ಸಂಜೆಯೇ ಒಂದು ಕೊಕ್ಕೆ ಸಿದ್ಧ ಮಾಡಿಡಿ. ಕ್ಯಾಬಿನ್ ಗೋಡೆಗಳು ಉಕ್ಕಿನವು, ಮ್ಯಾಗ್ನೆಟ್ ಕೊಕ್ಕೆ ಗಟ್ಟಿಯಾಗಿ ಹಿಡಿಯುತ್ತೆ. ಬಾಗಿಲ ಪಕ್ಕದಲ್ಲಿ ಜಾಕೆಟ್ಟು, ಒಂದು ಜೇಬಲ್ಲಿ ಟೋಪಿ, ಇನ್ನೊಂದರಲ್ಲಿ ಕೈಗವಸು, ಕೆಳಗೆ ಜಿಪ್ ಬೂಟು. ಲೇಸ್ ಬೂಟು ಬೇಡ, ಸೂಟಲ್ಲೋ ಗೌನಲ್ಲೋ ಬಗ್ಗಿ ಲೇಸ್ ಕಟ್ಟೋದರೊಳಗೆ ಆಕಾಶ ಕಪ್ಪಾಗಿರುತ್ತೆ. ಜಾಕೆಟ್ ತೊಡೆ ಮುಚ್ಚುವಷ್ಟು ಉದ್ದ ಇರಲಿ, ಕೋಟಿನ ಮೇಲೆ ಏರುವಷ್ಟು ಅಗಲ ಇರಲಿ. ಈ ಎರಡನೆಯದನ್ನ ಕೊಳ್ಳುವಾಗಲೇ ನೋಡಬೇಕು, ಟೀಶರ್ಟ್ ಮೇಲೆ ಹಾಕಿ ನೋಡಿದ ಜಾಕೆಟ್ ಸೂಟಿನ ಭುಜದ ಮೇಲೆ ಹತ್ತಲ್ಲ. ಕಿವಿಯೋಲೆ ದೊಡ್ಡದಿದ್ದರೆ ತೆಗೆದು ಜೇಬಿಗೆ ಹಾಕಿ, ತಣ್ಣಗಾದ ಲೋಹ ಕಿವಿಗೆ ಕಚ್ಚುತ್ತೆ.

ಇಷ್ಟೆಲ್ಲ ಯಾಕೆ ಬೇಕು ಅಂದ್ರೆ, ಹಡಗು 20 ನಾಟ್ ವೇಗದಲ್ಲಿ ಹೋಗ್ತಿದ್ದರೆ ಗಾಳಿಯೇ ಇಲ್ಲದ ರಾತ್ರಿಯಲ್ಲೂ ಡೆಕ್ ಮೇಲೆ ಗಂಟೆಗೆ 37 ಕಿಲೋಮೀಟರ್ ಗಾಳಿ ಬೀಸಿದ ಹಾಗೆ. ಸೊನ್ನೆ ಡಿಗ್ರಿ ಮೈಗೆ ಮೈನಸ್ 7ರ ಥರ ಮುಟ್ಟುತ್ತೆ. ಶಾಲು ಹೊದ್ದು ನಿಂತವರು ಎರಡು ನಿಮಿಷಕ್ಕೆ ಒಳಗೆ ಬರುತ್ತಾರೆ. ಶಾಲು ಬೇಡ ಅಂತಲ್ಲ, ಅದು ಊಟದ ಹಾಲ್‌ನ ಎಸಿ ಕೆಳಗೆ ಸೀಟು ಸಿಕ್ಕವರಿಗೆ.

ಇದ್ಯಾವುದೂ ಬೇಡ ಅನ್ನಿಸಿದರೆ ಬಫೆಗೆ ಹೋಗಿ. ಹೆಚ್ಚಿನ ಹಡಗುಗಳಲ್ಲಿ ಫಾರ್ಮಲ್ ರಾತ್ರಿಯೂ ಅಲ್ಲಿ ಮಾಮೂಲಿ ಬಟ್ಟೆ ನಡೆಯುತ್ತೆ, ಮರ್ಯಾದೆಗೇನೂ ಕಮ್ಮಿ ಇಲ್ಲ. ಮುಖ್ಯ ಹಾಲ್‌ಗೆ ಹರಿದ ಜೀನ್ಸಲ್ಲಿ ಹೋಗಿ ಬಾಗಿಲಲ್ಲಿ ವಾದಕ್ಕೆ ನಿಲ್ಲೋದಕ್ಕಿಂತ ಅದು ಎಷ್ಟೋ ವಾಸಿ.

ಡೆಕ್‌ನಿಂದ ವಾಪಸ್ ಬಂದಾಗ ಜಾಕೆಟ್ಟನ್ನ ಕೊಕ್ಕೆಗೆ ಹಾಕಿ, ಲಂಗದ ಅಂಚಿಗೆ, ಪ್ಯಾಂಟಿನ ತುದಿಗೆ ಕಡಲ ತುಂತುರು ತಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಒಣಗಿದರೆ ಉಪ್ಪು ಬಿಳಿಗೆರೆ ಬಿಡುತ್ತೆ. ಆಮೇಲೆ ಟೇಬಲ್ಲಿಗೆ ಹೋಗಿ. ಐಸ್‌ಕ್ರೀಮ್ ಕರಗಿರುತ್ತೆ, ಇನ್ನೊಂದು ಹೇಳಿ.